ಚಿಕ್ಕಹನುಮಕ್ಕನ ಕುರಿಪಾಠ

ಚಿಕ್ಕಹನುಮಕ್ಕನ ಮೇಲೆ ಎರಡು ಪುಟದ ದೂರು ಬರೆದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ.

ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿ. ಬಲಸಮುದ್ರದ ಆಚೆಗೊಂದು ಸಣ್ಣ ಹಳ್ಳಿಯಲ್ಲಿ ನಾನು ಒಂದನೇ ಕ್ಲಾಸಿನ ಮೇಷ್ಟ್ರು. ಹೊಳವನಹಳ್ಳಿ ಕಡೆಯವನಾದ ನನಗೆ ತೆಲುಗು ಕಂಡರೆ ಆಗುತ್ತಿರಲಿಲ್ಲ. ಬರುತ್ತಿರಲಿಲ್ಲ, ಅದಕ್ಕೇ ಆಗುತ್ತಿರಲಿಲ್ಲ. ನನ್ನ ಕ್ಲಾಸಿನ ಗೋಡೆಯ ಆಚೆಗೆ ಅಂಗನವಾಡಿ, ಅದರ ಟೀಚರ್ ಚಿಕ್ಕಹನುಮಕ್ಕ.

ಅವಳು ಕೊಳಾಲದ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ದೊಡ್ಡರಂಗಯ್ಯನನ್ನು ಮದುವೆಯಾಗಿ ಈ ಊರಿಗೆ ಬಂದಳು. ಇಲ್ಲಿನವರು ತೆಲುಗು ಬೆರೆಸಿ ಮಾತಾಡುವುದನ್ನು ಕೇಳಿ ದಿಗಿಲಾಗಿ ಒಂದು ವರ್ಷ ಬಾಯಿಯೇ ಬಿಡಲಿಲ್ಲವಂತೆ. ಪಾಪ, ಸೊಸೆ ಮೂಗಿ ಎಂದು ಊರೆಲ್ಲ ಮರುಗಿತ್ತಂತೆ. ನಾನು ವರ್ಗವಾಗಿ ಇಲ್ಲಿಗೆ ಬರುವ ಹೊತ್ತಿಗೆ ಆ ಮೂಗಿಯ ಬಾಯಿಗೆ ಪಂಚಾಯ್ತಿ ಚೇರ್ಮನ್ನೂ ಹೆದರುತ್ತಿದ್ದ. ಅವಳು ಮಾಡಿದ ಉಪ್ಪಿಟ್ಟನ್ನು ತಮ್ಮ ಮಕ್ಕಳು ತಿನ್ನಬಹುದೋ ಬಾರದೋ ಎಂದು ಕುರಿ ಸಾಕುವವರ ಹಟ್ಟಿಯಲ್ಲಿ ಮೂರು ತಿಂಗಳು ನ್ಯಾಯ ನಡೆಯಿತು. ಅಷ್ಟರಲ್ಲಿ ಮಕ್ಕಳು ತಿಂದು ರುಚಿ ಹಿಡಿದಿದ್ದವು. ನ್ಯಾಯ ಅಲ್ಲಿಗೆ ಮುಗಿಯಿತು.

ಉಪ್ಪಿಟ್ಟಿಗೆ ಬಾಯಿ ತೆರೆದ ಹಟ್ಟಿಯ ಮಕ್ಕಳು ಮಾತಿಗೆ ಮಾತ್ರ ತೆರೆಯಲಿಲ್ಲ. ಮನೆಯಲ್ಲಿ ಅವಕ್ಕೆ ತೆಲುಗು. ಚಿಕ್ಕಹನುಮಕ್ಕ ಇಲಾಖೆಯ ಚಿತ್ರಪಟ ಹಿಡಿದು "ಇದೇನ್ ಹೇಳ್ರಪ್ಪಾ?" ಎಂದು ಹಡಗು ತೋರಿಸಿದರೆ, ಸೇಬು ತೋರಿಸಿದರೆ, ಸುಮ್ಮನೆ ಅವಳ ಮುಖ ನೋಡುತ್ತಿದ್ದವು. ನನಗೆ ಒಳಗೊಳಗೇ ಖುಷಿ. ನನ್ನ ಕ್ಲಾಸಿನಲ್ಲಿಯೂ ಹಟ್ಟಿಯ ಒಂಬತ್ತು ಮಕ್ಕಳು ಹಾಗೇ ಕೂತಿರುತ್ತಿದ್ದವು.

ಒಂದು ಸಂಜೆ ಅವಳು ಹಟ್ಟಿಗೆ ಹೋದಳು. ಮೇಯಲು ಹೋದ ಕುರಿಗಳು ಬರುವ ಹೊತ್ತು. ಹಗಲೆಲ್ಲ ಕೂಡಿಟ್ಟ ಮರಿಗಳನ್ನು ಒಂದೊಂದಾಗಿ ಅದರದರ ತಾಯಿಗೆ ಬಿಡುವುದು ಅಲ್ಲಿ ಮಕ್ಕಳ ಕೆಲಸ. ಕೆಂಪಕ್ಕ ಎಂಬ ನಾಲ್ಕು ವರ್ಷದ ಹುಡುಗಿ ನಲವತ್ತು ಮರಿಗಳ ನಡುವೆ ನಿಂತು, ಇದು ಮಂಡಿ ಬಿಳುಪಿನದರ ಮರಿ, ಇದು ಬಾವಿಗೆ ಬಿದ್ದೆದ್ದ ಕರಿಯದರದು, ಇದರ ತಾಯಿ ಒದೆಯುತ್ತಾಳೆ ಹಿಡಿದುಕೋ ಎಂದು ತೆಲುಗಿನಲ್ಲಿ ಅರಚುತ್ತಿದ್ದಳು. ಒಂದೂ ತಪ್ಪಲಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು! ಇವಕ್ಕೆ ಮಾತ್ ಬರಲ್ಲ ಅಂತ ಅನ್ಕಂಡಿದ್ನಲ್ಲ" ಎಂದು ಚಿಕ್ಕಹನುಮಕ್ಕ ಹಣೆ ಬಡಿದುಕೊಂಡಳು.

ಮಾರನೆಯ ದಿನ ಕೆಂಪಕ್ಕನ ಅಜ್ಜಿ ಕ್ಯಾತಮ್ಮ ನಾಲ್ಕು ಮರಿಗಳ ಸಮೇತ ಅಂಗನವಾಡಿಗೆ ಬಂದಳು. ಅಜ್ಜಿ ತೆಲುಗಿನಲ್ಲಿ ಹೇಳುವುದು, ಚಿಕ್ಕಹನುಮಕ್ಕ ಕನ್ನಡದಲ್ಲಿ ಕೇಳುವುದು, ಮಕ್ಕಳು ಎರಡನ್ನೂ ಸೇರಿಸಿ ಕೂಗುವುದು. ತಿಂಗಳುಗಟ್ಟಲೆ ಇದೇ ಗಲಾಟೆ. ಒಂದು ದಿನ ಒಂದು ಮರಿ ಈ ಕಡೆ ಬಂದು ನನ್ನ ಹಾಜರಿ ಪುಸ್ತಕದಲ್ಲಿ ಜೂನ್ ತಿಂಗಳನ್ನು ಪೂರ್ತಿ ತಿಂದು ಹೋಯಿತು.

"ಇದೇನಮ್ಮ, ಅಂಗನವಾಡಿಯೋ ಕುರಿದೊಡ್ಡಿಯೋ?" ಎಂದು ರೇಗಿದೆ.

"ಸಾ, ನನ್ ದೊಡ್ಡೀಲಿ ಮಕ್ಳು ಮಾತಾಡ್ತವೆ. ನಿಮ್ ಸ್ಕೂಲಲ್ಲಿ?" ಎಂದಳು.

ಉರಿದುಹೋಯಿತು. ಆ ರಾತ್ರಿಯೇ ದೂರು ಬರೆದೆ: ಕನ್ನಡ ಕಲಿಸುತ್ತಿಲ್ಲ, ಕುರಿ ಸಾಕುತ್ತಿದ್ದಾರೆ, ಮಕ್ಕಳಿಗೆ ಮಾತೇ ಬರುವುದಿಲ್ಲ.

ಹದಿನೈದು ದಿನಕ್ಕೆ ತಾಲ್ಲೂಕಿನಿಂದ ಚನ್ನಮಲ್ಲಯ್ಯ ಎಂಬ ಸಾಹೇಬರು ಬಂದರು. ಮಕ್ಕಳು ಉತ್ತರ ಹೇಳದಿದ್ದರೆ ಅಂಗನವಾಡಿಯನ್ನು ನಾಲ್ಕು ಮೈಲಿ ಆಚೆಯ ಊರಿಗೆ ಹಾಕುತ್ತೇವೆ, ಆ ಊರಿನವರು ಕೇಳುತ್ತಲೇ ಇದ್ದಾರೆ ಎಂದರು. ನಾನು ಅವಳಿಗೆ ಒಂದು ಬೈಗುಳ ಬೀಳಲಿ ಎಂದಿದ್ದೆನೇ ಹೊರತು ಕೆಲಸ ಹೋಗಲಿ ಎಂದಿರಲಿಲ್ಲ. ಹಟ್ಟಿಯ ಮಕ್ಕಳು ನಾಲ್ಕು ಮೈಲಿ ನಡೆಯುವುದುಂಟೇ?

ಸಾಹೇಬರು ತಾವೇ ತಂದ ಹೊಸ ಪಟ ಬಿಡಿಸಿದರು. ಹತ್ತಿ ಮೂಟೆಯಂಥ ಬಿಳಿ ಕುರಿ.

"ಇದು ಏನು?"

ಯಾರೂ ಉಸಿರೆತ್ತಲಿಲ್ಲ. ಮತ್ತೆ ಕೇಳಿದರು, ಮತ್ತೆ ಇಲ್ಲ. "ಕುರಿಯನ್ನೂ ಗುರುತಿಸಲಾರರು" ಎಂದು ಬರೆದುಕೊಂಡರು. ಚಿಕ್ಕಹನುಮಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಗ ಕೆಂಪಕ್ಕ ಎದ್ದಳು. ಪಟದ ಹತ್ತಿರ ಹೋಗಿ ಕುರಿಯ ಎರಡು ಕಿವಿಯನ್ನೂ ಬೆರಳಿಟ್ಟು ನೋಡಿದಳು. ಹಟ್ಟಿಯಲ್ಲಿ ಒಂದೊಂದು ಮನೆಯವರೂ ತಮ್ಮ ಕುರಿಯ ಕಿವಿ ಒಂದೊಂದು ತರಹ ಕತ್ತರಿಸಿ ಗುರುತು ಮಾಡುತ್ತಾರೆ. ಗುರುತಿಲ್ಲದ ದೊಡ್ಡ ಕುರಿಯನ್ನು ಹೊರಗಿನವನು ಹಿಡಿದುಕೊಂಡು ಬಂದರೆ ಅಲ್ಲಿ ಒಂದೇ ಅರ್ಥ.

"ಯಾರ್ದು ಇದು? ಕಿವಿ ಕುಯ್ದಿಲ್ಲ. ಕದ್ಕಂಡ್ ಬಂದ್ಯಾ?" ಎಂದು ಸಾಹೇಬರನ್ನು ಕೇಳಿದಳು. ಅಚ್ಚ ಕನ್ನಡ.

"ಇಲ್ಲಮ್ಮ, ಇದು ಸರ್ಕಾರದ್ದು" ಎಂದರು ಸಾಹೇಬರು, ತಬ್ಬಿಬ್ಬಾಗಿ.

"ಮತ್ತೆ ಸರ್ಕಾರ ಯಾಕ್ ಕಿವಿ ಕುಯ್ದಿಲ್ಲ?"

ಅಷ್ಟೇ ಸಾಕಾಯಿತು. ಇಪ್ಪತ್ತೆರಡು ಮಕ್ಕಳೂ ಸಾಹೇಬರನ್ನು ಮುತ್ತಿಕೊಂಡವು. ಇದರ ಮರಿ ಎಲ್ಲಿ? ಕೆಚ್ಚಲು ಯಾಕೆ ಕಾಣುತ್ತಿಲ್ಲ? ಉಣ್ಣೆ ಯಾಕೆ ಕತ್ತರಿಸಿಲ್ಲ, ಸೆಕೆಯಾಗಲ್ವಾ? ಒಬ್ಬ ಬಾಗಿಲಿಗೆ ಅಡ್ಡ ನಿಂತು, "ಹಟ್ಟಿ ಯಜಮಾನನ್ನ ಕರೀರೋ, ವೀಡ್ನಿ, ಈ ಕಳ್ಳನ್ನ, ಬುಡ್ಬ್ಯಾಡ್ರಿ!" ಎಂದು ಕೂಗಿದ. ಸಾಹೇಬರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅಂಗನವಾಡಿ ಇಲ್ಲೇ ಇರಲಿ, ಕುರಿಪಾಠವೂ ಇರಲಿ ಎಂದು ಬರೆದರು. ಹೋಗುವಾಗ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಸಾಹೇಬರು ಹೋದ ಮೇಲೆ ಕ್ಷಮೆ ಕೇಳಲು ಅಂಗನವಾಡಿಗೆ ಹೋದೆ; ಮಕ್ಕಳಿನ್ನೂ ಮನೆಗೆ ಹೋಗಿರಲಿಲ್ಲ. "ದೂರು ಬರೆದದ್ದು ನಾನು" ಎಂದೆ.

"ಗೊತ್ತು ಕಣ್ ಬುಡಿ ಸಾ. ಸಾಹೇಬ್ರ ಕೈಲಿ ಕಾಗ್ದ ನೋಡ್ದೆ, ಅಕ್ಷರ ಅಷ್ಟ್ ದುಂಡುಗೆ ಈ ಊರಲ್ಲಿ ಇನ್ಯಾರ್ ಬರೀತಾರೆ? ಕುತ್ಕಳಿ" ಎಂದು ಚಾಪೆ ತೋರಿಸಿದಳು.

ಮಕ್ಕಳ ನಡುವೆ ಕಾಲು ಮಡಚಿ ಕೂತೆ. ಕೆಂಪಕ್ಕ ಒಂದು ಮರಿ ತಂದು ನನ್ನ ತೊಡೆಯ ಮೇಲಿಟ್ಟು ತೆಲುಗಿನಲ್ಲಿ ಏನೋ ಕೇಳಿದಳು. ನಾನೂ ಏನೋ ಅಂದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಕೆಂಪಕ್ಕ ಮತ್ತೆ ಕೇಳಿದಳು. ನಾನು ತುಟಿ ಬಿಗಿದು ನೆಲ ನೋಡುತ್ತಾ ಕೂತೆ. ನಲವತ್ತು ವರ್ಷದ ಗಂಡಸು, ಅಳು ಬರುವಂತಾಗಿತ್ತು. ಗೋಡೆಯಾಚೆ ನನ್ನ ಕ್ಲಾಸಿನ ಒಂಬತ್ತು ಮಕ್ಕಳು ಹೀಗೇ ದಿನವೆಲ್ಲ ಕೂತಿರುತ್ತಿದ್ದವು.

ಚಿಕ್ಕಹನುಮಕ್ಕ ಬಗ್ಗಿ ನನ್ನ ಮುಖ ನೋಡಿದಳು. "ಏನ್ ಸಾ, ಮೇಷ್ಟ್ರಿಗೆ ಮಾತೇ ಬರಲ್ಲ ಅಂತ ಬರ್ಕಳ್ಳಾ?"

"ಬೇಡ ಕಣಮ್ಮ, ನಾಳೆನೂ ಬರ್ತೀನಿ" ಎಂದೆ.