ಮುನ್ನೋಟದ ಕೆಳಗಿನ ಹೆಸರು

ಓಕಿನಾವಾದ ದಕ್ಷಿಣ ದ್ವೀಪಸಾಲಿನಲ್ಲಿ ಬೇಸಿಗೆಯ ಹವಾಮಾನ ಮುನ್ನೋಟ ಬರೆಯುವುದೆಂದರೆ ಬೈಗುಳಕ್ಕೆ ಬೆನ್ನು ಒಡ್ಡಿದಂತೆಯೇ ಸರಿ. ಚಂಡಮಾರುತ ಬರುತ್ತದೆಂದರೆ ಮೀನುಗಾರರಿಗೆ ಸಿಟ್ಟು, ಬರುವುದಿಲ್ಲವೆಂದರೆ ಕಬ್ಬು ಬೆಳೆಯುವವರಿಗೆ ದಿಗಿಲು. ಇಂಥ ಕೆಲಸವನ್ನು ಮೂವತ್ತೆಂಟು ವರ್ಷ ನಗುನಗುತ್ತಲೇ ನಿರ್ವಹಿಸಿ, ಈ ಮಾರ್ಚ್ ತಿಂಗಳಲ್ಲಿ ನಿವೃತ್ತರಾದ ಶ್ರೀಮತಿ ಯೊನಾಹಾ ಮಿತ್ಸುಯೊ ಅವರು ನಮ್ಮ ಹವಾಮಾನ ಕಚೇರಿಯ ಹೆಮ್ಮೆ. ಅವರ ಕೈಕೆಳಗೆ ಹದಿನಾಲ್ಕು ವರ್ಷ ಪಳಗಿದ ನನಗೆ ಅವರನ್ನು ಹೊಗಳಲು ಸಂಕೋಚವೇನೂ ಇಲ್ಲ.

ಇಪ್ಪತ್ತೆರಡನೆಯ ವಯಸ್ಸಿಗೆ ಕಚೇರಿ ಸೇರಿದ ಅವರು ಮೊದಲ ಎಂಟು ವರ್ಷ ಅಂಕಿಅಂಶಗಳಲ್ಲೇ ಮುಳುಗಿದ್ದರು. ಮೂವತ್ತಕ್ಕೆ ಕಾಲಿಟ್ಟಾಗ ಬೇಸಿಗೆಯ ಮುನ್ನೋಟ ಮೊದಲ ಸಲ ಅವರ ಕೈಗೆ ಬಂತು. ಜೂನ್ ಕೊನೆಗೆ ನಮ್ಮ ಮಳೆಗಾಲ ಮುಗಿದ ಮೇಲೆ, ದ್ವೀಪಗಳಿಗೆ ನೀರು ಬರುವುದು ಚಂಡಮಾರುತದಿಂದಲೇ. ಆ ನಂಬಿಕೆಯ ಮೇಲೆಯೇ ಕಾನಿಜಿಮಾ ಎಂಬ ಪುಟ್ಟ ದ್ವೀಪದವರು ಹತ್ತು ವರ್ಷಕ್ಕೊಮ್ಮೆ ತಮ್ಮ ಒಂದೇ ಒಂದು ಕೆರೆಯನ್ನು ಮಳೆಗಾಲ ಮುಗಿದ ಮರುವಾರವೇ ಬರಿದು ಮಾಡಿ ಹೂಳೆತ್ತುತ್ತಿದ್ದರು. ಆ ವರ್ಷ ಯೊನಾಹಾ ಅವರು "ಚಂಡಮಾರುತಗಳು ವಾಡಿಕೆಯಷ್ಟು" ಎಂದು ಬರೆದರು, ಕಾನಿಜಿಮಾದವರು ಕೆರೆ ಬರಿದು ಮಾಡಿದರು, ಎಪ್ಪತ್ತು ದಿನ ಒಂದು ಹನಿ ಬೀಳಲಿಲ್ಲ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಹೊಸದಾಗಿ ನೆಟ್ಟ ಕಬ್ಬು ನಿಂತಲ್ಲೇ ಒಣಗಿತು.

ಮುನ್ನೋಟವೆಂದರೆ ಸಂಭವದ ಮಾತು, ಅದಕ್ಕೆ ಕ್ಷಮೆ ಕೇಳುವ ಪದ್ಧತಿಯಿಲ್ಲ ಎಂದು ಮೇಲಧಿಕಾರಿಗಳು ಅಂದರು. ಯೊನಾಹಾ ಅವರು ಒಂದು ದಿನ ರಜೆ ಬರೆದಿಟ್ಟು ದೋಣಿ ಹತ್ತಿದರು. ಕಾನಿಜಿಮಾದ ಸಮುದಾಯ ಭವನದಲ್ಲಿ ನಿಂತು, "ನನ್ನ ಲೆಕ್ಕ ತಪ್ಪಾಯ್ತು" ಎಂದು ತಲೆಬಾಗಿದರು. ಎರಡು ಹೊಲದ ಕಬ್ಬು ಕಳೆದುಕೊಂಡಿದ್ದ ನಾಬೆ ಎಂಬ ರೈತ ಹೆಂಗಸು ಮುಂದಿನ ಸಾಲಿನಲ್ಲೇ ಕೂತಿದ್ದರಂತೆ.

"ಸರಿಯಾಗಿ ಬೈಬೇಕು ಅಂತ ಕಾಯ್ತಿದ್ದೆ. ನೀನೇ ಬಂದು ನಿಂತ್ಬಿಟ್ಟೆ! ಹಸಿದು ಬಂದೋಳನ್ನ ಹೇಗೆ ಬೈಲಿ? ನಡಿ, ಮೊದ್ಲು ಊಟ ಮಾಡು."

ಹಾಗಲಕಾಯಿ ಪಲ್ಯ, ಅನ್ನ, ಕರಿಬೆಲ್ಲದ ತುಂಡು. ಊಟವಾದ ಮೇಲೆ ಮಾತ್ರ ನಾಬೆ ಅವರು ಅರ್ಧ ಗಂಟೆ ಮನಸಾರೆ ಬೈದರು. ಆ ಬೈಗುಳವೇ ತಮಗೆ ಸಿಕ್ಕ ನಿಜವಾದ ತರಬೇತಿ ಎಂದು ಯೊನಾಹಾ ಅವರು ನಮಗೆಲ್ಲ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಮುಂದಿನ ವರ್ಷದಿಂದ ಅವರು ಪ್ರತಿ ಮೇ ತಿಂಗಳು ಮುನ್ನೋಟವನ್ನು ತಾವೇ ಕಾನಿಜಿಮಾಕ್ಕೆ ಒಯ್ದು ಓದಿ ಹೇಳತೊಡಗಿದರು. ಕಚೇರಿಯ ಕಾಗದದಲ್ಲಿ ಯಾರ ಹೆಸರೂ ಇರುವುದಿಲ್ಲ. ಭವನದ ಗೋಡೆಗೆ ಅಂಟಿಸುವ ಪ್ರತಿಯ ಕೆಳಗೆ ಅವರು ಮಸಿಯಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ತಪ್ಪಿದರೆ ಯಾರನ್ನು ಕರೆಸಿ ಕೇಳಬೇಕೆಂದು ಊರಿಗೆ ಗೊತ್ತಿರಬೇಕು ಎಂಬುದು ಅವರ ವಾದ.

ಹತ್ತು ವರ್ಷ ಕಳೆದು ಮತ್ತೆ ಹೂಳೆತ್ತುವ ಸರದಿ ಬಂತು. ಯಂತ್ರಗಳನ್ನು ಗೊತ್ತುಮಾಡಿಯಾಗಿತ್ತು. ಈ ಸಲ ಚಂಡಮಾರುತಗಳು ದೂರದ ಪೂರ್ವಕ್ಕೆ ಸರಿಯುವ ಸಂಭವ ನೂರಕ್ಕೆ ಐವತ್ತು, ಕೆರೆ ಮುಟ್ಟಬೇಡಿ ಎಂದರು ಯೊನಾಹಾ. ಊರ ಮುಖಂಡ ತೊಮೊರಿ ಅವರು ಬಿಡುತ್ತಾರೆಯೇ?

"ಹೋದ ಸಲ ಬರುತ್ತೆ ಅಂದ್ರಿ, ಬರಲಿಲ್ಲ. ಈಗ ಬರಲ್ಲ ಅಂತಿದೀರಿ. ಹಾಗಾದ್ರೆ ಬಂದೇ ಬರುತ್ತೆ ಬಿಡಿ!"

ಭವನವೆಲ್ಲ ನಕ್ಕಿತು. ಯೊನಾಹಾ ಅವರೂ ನಕ್ಕರು.

"ಬಂದ್ರೆ ಒಳ್ಳೇದೇ ಆಯ್ತಲ್ಲ ತೊಮೊರಿ ಸಾನ್, ಕೆರೆ ಕೋಡಿ ಬೀಳುತ್ತೆ, ಹೂಳು ಇನ್ನೊಂದು ವರ್ಷ ಕೂತಿರುತ್ತೆ. ಕೆರೆ ಬರಿದು ಮಾಡಿದ್ಮೇಲೆ ಬರದಿದ್ರೆ? ಹೂಳು ಕುಡಿಯಕ್ಕಾಗುತ್ತಾ? ಎರಡು ನಷ್ಟಾನೂ ಒಂದೇ ತೂಕದ್ದಲ್ಲ."

ಕೆರೆಯನ್ನು ಯಾರೂ ಮುಟ್ಟಲಿಲ್ಲ. ಆ ಬೇಸಿಗೆ ಎಂಟು ಚಂಡಮಾರುತಗಳು ಹುಟ್ಟಿ ಎಂಟೂ ಪೂರ್ವಕ್ಕೆ ಹೋದವು. ಅಕ್ಟೋಬರ್‌ವರೆಗೂ ಕಾನಿಜಿಮಾದ ಕಬ್ಬು ಹಸಿರಾಗಿಯೇ ಇತ್ತು. ಹೂಳನ್ನು ಮರುವರ್ಷ ಎತ್ತಿದರು. ಮೂರನೆಯ ಸರದಿಯಲ್ಲಿ ಅವರು ಧೈರ್ಯವಾಗಿ ಬರಿದು ಮಾಡಿ ಎಂದರು. ಚಂಡಮಾರುತ ಬಂದು ಎರಡೇ ದಿನದಲ್ಲಿ ಕೆರೆ ತುಂಬಿಸಿತು.

ನಾಲ್ಕನೆಯ ಸರದಿ ಈ ವರ್ಷದ್ದು, ಮುನ್ನೋಟ ನನ್ನದು. ಲೆಕ್ಕ ಮತ್ತೆ ಅದೇ: ಪೂರ್ವಕ್ಕೆ ಸರಿಯುವ ಸಂಭವ ಐವತ್ತು. ಮೇ ತಿಂಗಳಲ್ಲಿ, ಕೆಳಗೆ ಮಸಿಯಲ್ಲಿ ನನ್ನ ಹೆಸರು ಬರೆದ ಕಾಗದ ಹಿಡಿದು ಭವನಕ್ಕೆ ಹೋದೆ. ನಿವೃತ್ತಿಯ ಮೇಲೆ ಕಾನಿಜಿಮಾದಲ್ಲೇ ಮನೆ ಮಾಡಿದ್ದ ಯೊನಾಹಾ ಅವರು ಹಿಂದಿನ ಸಾಲಿನ ಚಾಪೆಯ ಮೇಲೆ ಊರವರ ನಡುವೆ ಚಹಾ ಕುಡಿಯುತ್ತ ಕೂತಿದ್ದರು. ಕೆರೆ ಮುಟ್ಟಬೇಡಿ ಎಂದು ನಾನು ಓದಿ ಮುಗಿಸಿದೆ. ತೊಮೊರಿ ಅವರು ನನ್ನನ್ನು ದಾಟಿ ಹಿಂದಕ್ಕೆ ನೋಡಿದರು.

"ಯೊನಾಹಾ ಸಾನ್, ನೀವೇನಂತೀರಿ?"

"ನನ್ನ ಯಾಕೆ ಕೇಳ್ತೀರಿ? ಕೆಳಗಡೆ ಹೆಸರು ಯಾರದ್ದಿದೆ ನೋಡಿ."

ಅವರು ನನ್ನ ಪರವಾಗಿ ಒಂದು ಮಾತು ಆಡಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು. ಆದರೆ ಆಮೇಲೆ ಎಂದೆಂದಿಗೂ ಊರು ನನ್ನನ್ನು ದಾಟಿಯೇ ನೋಡುತ್ತಿತ್ತು. ತೊಂಬತ್ತರ ನಾಬೆ ಅಜ್ಜಿ ಕನ್ನಡಕ ಏರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದು, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ತಪ್ಪಿದ್ರೆ ಬರ್ತೀಯಾ?"

"ಬರ್ತೀನಿ ಅಜ್ಜಿ."

"ಊಟ ಹಾಕ್ತೀನಿ. ಬೈಯೋದು ಆಮೇಲೆ. ತೊಮೊರಿ, ಕೆರೆ ಹಾಗೇ ಇರ್ಲಿ."

ಇದನ್ನು ಬರೆಯುವ ಹೊತ್ತಿಗೆ ಜುಲೈ ಅರ್ಧ ಕಳೆದಿದೆ. ಆಕಾಶದಲ್ಲಿ ಒಂದು ಮೋಡವಿಲ್ಲ, ಕೆರೆಯಲ್ಲಿ ನೀರಿದೆ. ಯೊನಾಹಾ ಅವರು ಕಾನಿಜಿಮಾ ಭವನದ ಅಂಗಳದಲ್ಲಿ ಮಳೆಮಾಪಕವೊಂದನ್ನು ನೆಟ್ಟು, ಪ್ರತಿ ಬೆಳಿಗ್ಗೆ ನನಗೆ ಫೋನ್ ಮಾಡಿ "ಸೊನ್ನೆ" ಎನ್ನುತ್ತಾರೆ. ಅವರ ಧ್ವನಿಯಲ್ಲಿ ಎಷ್ಟು ಸಂತೋಷ!

ನಮ್ಮ ಹಿರಿಯಕ್ಕನಂಥ ಈ ಗುರು ಇನ್ನೂ ಬಹುಕಾಲ ಮಳೆ ಅಳೆಯುತ್ತ, ನಮ್ಮನ್ನು ತಿದ್ದುತ್ತ, ಆರೋಗ್ಯದಿಂದ ಬಾಳುತ್ತಾರೆ. ಯಾವ ಮುನ್ನೋಟದಲ್ಲೂ ನೂರಕ್ಕೆ ನೂರು ಎಂದು ಬರೆಯಕೂಡದೆಂದು ಕಲಿಸಿದವರು ಅವರೇ. ಈ ಒಂದು ಸಲ ಆ ಪಾಠ ಮೀರಿ ನೂರಕ್ಕೆ ನೂರು ಎಂದೇ ಬರೆಯುತ್ತಿದ್ದೇನೆ. ಕೆಳಗೆ ನನ್ನ ಹೆಸರಿದೆ.

ಸುನಕಾವಾ ತೆಯ್‌ಜಿ