ಹತ್ತು ಸ್ಕ್ರೂಗಳ ಬಾಯಿ

ಐವತ್ತು ದಾಟುವ ಹೊತ್ತಿಗೆ ನನ್ನ ಬಾಯಿ ನನಗೇ ಹೇಸಿಗೆ ಹುಟ್ಟಿಸುತ್ತಿತ್ತು. ಬಿ.ದುರ್ಗದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಬೆಳಿಗ್ಗೆ ಹಲ್ಲುಜ್ಜಿದರೆ ಬ್ರಷ್ಷಿಗೆ ರಕ್ತದ ಜೊತೆ ಹಳದಿ ಕೀವು ಮೆತ್ತಿಕೊಳ್ಳುತ್ತಿತ್ತು. ನಾಲಿಗೆಯಿಂದ ತಳ್ಳಿದರೆ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ನಾನು ಪಾಠ ಓದುವಾಗ ಮುಂದಿನ ಬೆಂಚಿನ ಹುಡುಗಿಯರು ಪುಸ್ತಕವನ್ನು ಮೂಗಿನವರೆಗೆ ಎತ್ತಿ ಹಿಡಿಯುತ್ತಿದ್ದರು. ಬಹಳ ದಿನ ಅದನ್ನು ಓದಿನ ಮೇಲಿನ ಶ್ರದ್ಧೆ ಎಂದುಕೊಂಡಿದ್ದೆ.

ಕಾರಣ ಕಡ್ಡಿಪುಡಿ. ಇಪ್ಪತ್ತೈದು ವರ್ಷ ಆ ಹೊಗೆಸೊಪ್ಪನ್ನು ಕೆಳತುಟಿಯ ಹಿಂದೆ ಇಟ್ಟುಕೊಂಡೇ ಬದುಕಿದ್ದೆ. ತಂಬಾಕಿನ ಕೆಡುಕಿನ ಬಗ್ಗೆ ಮಕ್ಕಳಿಗೆ ಭಾಷಣ ಮಾಡುತ್ತಿದ್ದವನೂ ನಾನೇ. ಭಾಷಣ ಮುಗಿದ ಮೇಲೆ ಶಾಲೆಯ ಹಿಂದೆ ಹೋಗಿ ಒಂದು ಚಿಟಿಕೆ ಹಾಕಿಕೊಂಡು, ಕಂದು ಎಂಜಲನ್ನು ಗೋಡೆಗೆ ಉಗಿದು ಬರುತ್ತಿದ್ದೆ.

ನಮ್ಮದು ಕುರಿ ಸಾಕುವ ಮನೆತನ. ಅಣ್ಣ ಈಗಲೂ ಮಂದೆ ಕಾಯುತ್ತಾನೆ. ಒಂದು ಭಾನುವಾರ ಅವನ ಮನೆಯಲ್ಲಿ ಬಾಡೂಟ. ಮೂಳೆ ಕಚ್ಚಿದೆ, ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತುಬಂದು ಸಾರಿನೊಳಗೆ ಬಿತ್ತು. ಅದರ ತುದಿಗೆ ಕೊಳೆತ ಮಾಂಸದ ಎಳೆ ಅಂಟಿಕೊಂಡಿತ್ತು. ಅತ್ತಿಗೆ ಅದನ್ನು ಕಂಡವರೇ ಊಟ ಬಿಟ್ಟು ಎದ್ದುಹೋದರು. ಅಣ್ಣ ಕೂತೇ ಇದ್ದ.

"ಬಾಯಿ ತೆಗಿಯಲೇ, ನೋಡಾಣ," ಎಂದು, ಕುರಿಯ ವಯಸ್ಸು ನೋಡುವ ಹಾಗೆ ಹೆಬ್ಬೆರಳಿನಿಂದ ನನ್ನ ತುಟಿ ಎತ್ತಿದ. "ಎಲ್ಲಾ ಕೊಳೆತೈತೆ. ನಾಳೆ ಚಿತ್ರದುರ್ಗಕ್ಕೆ ಹೋಗಾಣ, ನಾನೂ ಬರ್ತೀನಿ."

ಚಿತ್ರದುರ್ಗದ ದಂತವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಬಾಯಿಯ ಫೋಟೊ ತೆಗೆದು ಪರದೆ ತುಂಬ ದೊಡ್ಡದು ಮಾಡಿ ತೋರಿಸಿದರು. ಕರ್ರಗಾದ ಬೇರುಗಳು, ಊದಿದ ಒಸಡು, ಸಂದುಗಳಲ್ಲಿ ಕೆನೆಯಂಥ ಕೀವು. ಬೇರೆ ಯಾರದಾದರೂ ಆಗಿದ್ದರೆ ಮುಖ ತಿರುಗಿಸುತ್ತಿದ್ದೆ.

"ಒಂದೂ ಉಳಿಸೋಕಾಗಲ್ಲ ಸರ್. ಎಲ್ಲಾ ತೆಗೆದು, ದವಡೆ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಇಡೀ ಹಲ್ಲಿನ ಸಾಲು ಬಿಗೀತೀವಿ. ನೀವು ತೆಗೆದಿಡೋ ಸೆಟ್ಟಲ್ಲ, ಅಲ್ಲೇ ಇರ್ತಾವೆ. ಆದ್ರೆ ಕಡ್ಡಿಪುಡಿ ಇವತ್ತೇ ಬಿಡ್ಬೇಕು. ಇಲ್ಲಾಂದ್ರೆ ಸ್ಕ್ರೂ ನಿಲ್ಲಲ್ಲ."

"ಬಿಟ್ಟೆ," ಅಂದೆ.

ಹಲ್ಲು ಕಿತ್ತ ದಿನ ಅರಿವಳಿಕೆಯಿಂದಾಗಿ ನೋವಾಗಲಿಲ್ಲ, ವಾಸನೆ ಮಾತ್ರ ಬಂತು. ಒಂದೊಂದೇ ಹಲ್ಲು ಸ್ಟೀಲ್ ತಟ್ಟೆಗೆ ಬೀಳುತ್ತಿತ್ತು. ಇಷ್ಟು ದಿನ ಇವುಗಳಲ್ಲೇ ಅನ್ನ ಅಗಿದು ನುಂಗಿದ್ದೇನೆ ಅನ್ನಿಸಿತು. ಮೇಲೆ ಆರು, ಕೆಳಗೆ ನಾಲ್ಕು ಸ್ಕ್ರೂ ಕೂರಿಸಿದರು. ಕೆಲವು ತಿಂಗಳು ತಾತ್ಕಾಲಿಕ ಹಲ್ಲು, ಗಂಜಿ, ಮೆತ್ತಗಿನ ಮುದ್ದೆ. ಆಮೇಲೆ ಗಟ್ಟಿ ಹಲ್ಲಿನ ಸಾಲು ಬಂತು. ಹುರಿದ ಶೇಂಗಾ ಅಗಿದೆ. ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟು ನಕ್ಕೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ದಿನ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲು ತಡವಾಯಿತು. ಹೊತ್ತು ಹೋಗದೆ ಹೊರಗಿನ ಗೂಡಂಗಡಿಯಲ್ಲಿ ಒಂದು ಪೊಟ್ಟಣ ಕೊಂಡೆ. ಮರುದಿನ ಇನ್ನೊಂದು. ಡಾಕ್ಟರು ಹೇಳಿದ ಹಾಗೆ ಹಲ್ಲಿನ ಸಾಲಿನ ಕೆಳಗೆ ನೀರು ಹಾಯಿಸಿ ತೊಳೆಯುವುದನ್ನೂ ಬಿಟ್ಟೆ. ವರ್ಷ ತುಂಬುವುದರೊಳಗೆ ಮೇಲಿನ ಒಸಡು ಬಾತುಕೊಂಡಿತು, ಹಳೆಯ ನಾತ ಮತ್ತೆ ಬಂತು. ಸ್ಕ್ರೂವಿನದೇ ದೋಷ ಎಂದು ಅಣ್ಣನಿಗೆ ಹೇಳಿ, ಅವನನ್ನು ಕರೆದುಕೊಂಡೇ ಹೋದೆ.

"ಮತ್ತೆ ಶುರು ಮಾಡ್ಕೊಂಡ್ರಾ ಸರ್?" ಡಾಕ್ಟರು ಕೇಳಿದರು.

"ಇಲ್ಲ. ಮುಟ್ಟೇ ಇಲ್ಲ. ನಿಮ್ಮ ಸ್ಕ್ರೂ ಸರಿ ಕೂತಿಲ್ಲ ಅಂತ ಕಾಣುತ್ತೆ."

ಅವರು ಮೇಲಿನ ಸಾಲನ್ನು ಬಿಚ್ಚಿ ತೆಗೆದರು. ತೆಗೆದ ಕೂಡಲೇ ಕೋಣೆಯಲ್ಲಿ ಚರಂಡಿಯ ವಾಸನೆ ಹರಡಿತು. ಪಕ್ಕದಲ್ಲಿದ್ದ ನರ್ಸು ಮಾಸ್ಕಿನ ಮೇಲೆ ಕೈ ಒತ್ತಿಕೊಂಡಳು. ಡಾಕ್ಟರು ಸಾಲಿನ ಅಡಿಯಿಂದ ಚಿಮುಟದಲ್ಲಿ ಒಂದು ಒದ್ದೆ ಮುದ್ದೆಯನ್ನು ಬಿಡಿಸಿ ಬಿಳಿ ಹತ್ತಿಬಟ್ಟೆಯ ಮೇಲೆ ಇಟ್ಟರು. ಹಳಸಿದ ಅನ್ನ, ಅದರ ನಡುವೆ ಕಡ್ಡಿಪುಡಿಯ ಚೂರುಗಳು. ಅಣ್ಣ ಎದ್ದು ಹೊರಗೆ ಹೋದ. ಅಲ್ಲಾಡುತ್ತಿದ್ದ ಒಂದು ಸ್ಕ್ರೂವನ್ನು ಡಾಕ್ಟರು ಬೆರಳಿನಲ್ಲೇ ತಿರುಗಿಸಿದರು. ಅದು ಕೀವಿನ ಜೊತೆ ಹೊರಗೆ ಬಂತು.

ಬಸ್ಸಿನಲ್ಲಿ ಹೊಳಲ್ಕೆರೆಯವರೆಗೂ ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ಕೊನೆಗೆ ನಾನೇ ಅಂದೆ: "ನಾತ ತಡಿಯಕ್ಕಾಗಲಿಲ್ಲ ಅಲ್ವೇನಣ್ಣ?"

"ಹುಳ ಬಿದ್ದ ಕುರಿ ಗಾಯ ತೊಳ್ದೋನು ನಾನು, ನಾತಕ್ಕೆ ಎದ್ದು ಹೋಗ್ತೀನೇನ್ಲೇ?" ಅಣ್ಣ ನನ್ನ ಕಡೆ ತಿರುಗಲಿಲ್ಲ. "ನಿನ್ ತಪ್ಪನ್ನ ಆ ಡಾಕ್ಟರ್ ಹುಡುಗಿ ಮೇಲೆ ಹಾಕ್ದಲ್ಲ. ಆ ಪುಡಿ ಕಂಡ್ಮೇಲೆ ಅಲ್ಲಿ ಕುಂತಿರಾಕೆ ಆಗ್ಲಿಲ್ಲ."

ಜೇಬಿನಲ್ಲಿದ್ದ ಪೊಟ್ಟಣ ಬಸ್ಸು ಇಳಿದ ಮೇಲೆ ತಿಪ್ಪೆ ಸೇರಿತು. ಮುಂದಿನ ವಾರ ಒಬ್ಬನೇ ಹೋಗಿ ಡಾಕ್ಟರಿಗೆ ನಿಜ ಹೇಳಿದೆ. ಅವರು ತಲೆಯಾಡಿಸಿ, ಬಾಯಿ ತೆಗೆಯಿರಿ ಅಂದರು. ಮೂಳೆ ಕೂಡಿಕೊಂಡ ಮೇಲೆ ಹೊಸ ಸ್ಕ್ರೂ ಹಾಕಿದರು. ಅದು ನಿಂತಿದೆ, ಹಲ್ಲುಗಳೂ ಗಟ್ಟಿಯಾಗಿವೆ.

ಊಟವಾದ ಮೇಲೆ ದಿನವೂ ಹಲ್ಲಿನ ಸಾಲಿನ ಕೆಳಗೆ ನೀರು ಚಿಮ್ಮಿಸಿ ತೊಳೆಯುತ್ತೇನೆ. ಬೇಸಿನ್ನಿಗೆ ಬೀಳುವುದು ಈಗ ಬರೀ ಅನ್ನದ ಅಗುಳು, ಸೊಪ್ಪಿನ ಎಳೆ. ಅದನ್ನು ನೋಡಲು ಇಂದಿಗೂ ಅಸಹ್ಯವಾಗುತ್ತದೆ. ಆದರೂ ಕಣ್ಣಾರೆ ನೋಡದೆ ನಲ್ಲಿ ತಿರುಗಿಸುವುದಿಲ್ಲ.