ಜರಿ ಅಂಗಿಯ ಷಡ್ಡಕ

ನನ್ನ ಷಡ್ಡಕ ಕಾಮಗೆರೆಯ ನಮ್ಮ ಅತ್ತೆಮನೆಗೆ ಬರುತ್ತಿದ್ದಾನೆ ಅನ್ನುವುದು ಅವನು ಬೀದಿಯ ತಿರುವಿನಲ್ಲಿರುವಾಗಲೇ ಗೊತ್ತಾಗುತ್ತಿತ್ತು. ಮೊದಲು ಮಕ್ಕಳು ಕೂಗುತ್ತಿದ್ದರು. ಆಮೇಲೆ ಎದುರುಮನೆಯವರು ಬಾಗಿಲಿಗೆ ಬರುತ್ತಿದ್ದರು. ಆಮೇಲೆ ನಮ್ಮತ್ತೆ ಒಲೆಯ ಮೇಲಿಟ್ಟಿದ್ದನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗುಲಿಗೆ ಬರುತ್ತಿದ್ದರು. ನಾನು ಹೋದಾಗ ನಾನೇ ಗೇಟು ತೆಗೆದು, ನಾನೇ ಚೊಂಬಿನಲ್ಲಿ ನೀರು ಮೊಗೆದು ಕಾಲು ತೊಳೆದು, ಪಡಸಾಲೆಯಲ್ಲಿ ನಿಂತು ಕೆಮ್ಮಬೇಕಿತ್ತು. ಆಗ ಅಡುಗೆಮನೆಯಿಂದ ಯಾರದು ಎಂದು ಕೇಳುತ್ತಿದ್ದರು.

ಷಡ್ಡಕನೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹನೂರಿನಲ್ಲಿ ಅರಿಶಿನ, ಜೋಳದ ವ್ಯಾಪಾರ. ನನಗಿಂತ ದೊಡ್ಡವನು. ಎದುರಿಗೆ ಅಣ್ಣ ಅನ್ನುತ್ತೇನೆ, ಬಹುವಚನ ಕೊಡುತ್ತೇನೆ. ಮನಸ್ಸಿನೊಳಗೆ ಮೊದಲಿನಿಂದಲೂ ಏಕವಚನ, ಇಲ್ಲಿಯೂ ಅದನ್ನೇ ಇಟ್ಟುಕೊಳ್ಳುತ್ತೇನೆ. ನಾನು ಯಳಂದೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಕೆನೆ, ತಿಳಿನೀಲಿ, ಬೂದಿ, ಈ ಮೂರೇ ನನ್ನ ಅಂಗಿಯ ಬಣ್ಣಗಳು. ಯಾರೂ ಹೇಳಿದ್ದಲ್ಲ, ಹಾಗೇ ಆಯಿತು.

ನಮ್ಮ ಮಾವನವರದು ಒಂದು ಪದ್ಧತಿ. ದೀಪಾವಳಿಗೆ ಇಬ್ಬರು ಅಳಿಯಂದಿರಿಗೂ ಕೊಳ್ಳೇಗಾಲದ ಒಂದೇ ಅಂಗಡಿಯಲ್ಲಿ, ಒಂದೇ ಥಾನಿನಿಂದ ಬಿಳಿ ಬಟ್ಟೆ ಹರಿಸಿ ಮೊದಲೇ ಕಳಿಸಿಬಿಡುತ್ತಿದ್ದರು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಮ್ಮಿ ಎಂಬ ಮಾತು ಬರಬಾರದು ಅಂತ. ಹಬ್ಬದ ದಿನ ಎಣ್ಣೆಸ್ನಾನವಾದ ಮೇಲೆ ಇಬ್ಬರೂ ಅದನ್ನು ತೊಟ್ಟು ಪಡಸಾಲೆಗೆ ಬರಬೇಕು. ಮದುವೆಯಾದ ಮೊದಲ ಹಬ್ಬಕ್ಕೆ ನಾನು ಅದರಲ್ಲಿ ಲಕ್ಷಣವಾಗಿ ಒಂದು ಅಂಗಿ ಹೊಲಿಸಿಕೊಂಡು, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ ಹೋಗಿ ಕೂತಿದ್ದೆ. ಹೊಸ ಅಳಿಯ ಅಂತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅವನು ಒಳಗಿನಿಂದ ಬಂದ. ಅಂಗಿಯ ಮೈ ಮಾವ ಕೊಟ್ಟ ಬಿಳಿ ಬಟ್ಟೆ. ತೋಳು ಮಾತ್ರ ರೇಷ್ಮೆ ಸೀರೆಯ ಸೆರಗು, ಒಂದು ಗಿಣಿ ಹಸಿರು, ಇನ್ನೊಂದು ಬದನೆಕಾಯಿ ಬಣ್ಣ, ಎರಡಕ್ಕೂ ಮಣಿಕಟ್ಟಿನ ಹತ್ತಿರ ಅಂಗೈ ಅಗಲದ ಜರಿ. ಹಣೆತುಂಬ ವಿಭೂತಿ, ಮುಖದಲ್ಲಿ ಒಂದು ಚೂರೂ ನಗುವಿಲ್ಲ. ನೇರವಾಗಿ ಮಾವನ ಕಾಲಿಗೆ ಬಿದ್ದ.

ಮನೆಗೆ ಮನೆಯೇ ನಕ್ಕಿತು. ಮಾವ ಆಶೀರ್ವಾದ ಮಾಡಲಾಗದೆ ಕಂಬ ಹಿಡಿದುಕೊಂಡರು. ನನ್ನ ಹೆಂಡತಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮದುವೆಯಾಗಿ ಆರೇಳು ತಿಂಗಳಾಗಿತ್ತು. ಅವಳಿಗೆ ಹಾಗೆ ನಗಲು ಬರುತ್ತದೆ ಅನ್ನುವುದು ನನಗೆ ಅವತ್ತೇ ತಿಳಿದದ್ದು. ನನಗೂ ನಗು ಬಂತು, ಆದರೆ ಅವಳು ಯಾರನ್ನು ನೋಡಿ ನಗುತ್ತಿದ್ದಾಳೆ ಅನ್ನುವುದು ಹೊಳೆದು ನಿಂತುಹೋಯಿತು. ಅವತ್ತು ಹತ್ತಿದ ಉರಿ ಇನ್ನೂ ಆರಿಲ್ಲ.

ಅವನಿಗೆ ಕೊಳ್ಳೇಗಾಲದಲ್ಲಿ ಒಬ್ಬರು ನೇಕಾರರ ಪರಿಚಯವಿತ್ತು. ನೇಯುವಾಗ ನಡುವೆ ಬಣ್ಣ ತಪ್ಪಿದ ಸೀರೆ, ಅಂಚು ಸೊಟ್ಟಗಾದ ಸೀರೆ, ಅಂಗಡಿಯವರು ಬೇಡವೆಂದು ವಾಪಸು ಕಳಿಸಿದ್ದು, ಅಂಥದ್ದನ್ನೆಲ್ಲ ತೆಗೆದುಕೊಂಡು ಬಂದು ಅಂಗಿ ಹೊಲಿಸುತ್ತಿದ್ದ. ಜರಿಯಂಚು ಎದೆಯ ಮೇಲೆ ಅಡ್ಡಡ್ಡ ಹೋಗಲಿ, ಬೆನ್ನಿನ ಮೇಲೆ ನವಿಲು ತಲೆಕೆಳಗಾಗಿರಲಿ, ಅವನಿಗೆ ಯಾವುದೂ ಅಡ್ಡಿಯಿಲ್ಲ. ಹಾಗೇ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ, ಹಾಗೇ ಮಂಡಿಯಲ್ಲಿ ಕೂತು ಅರಿಶಿನದ ಕೊಂಬು ಮುರಿದು ನೋಡುತ್ತಿದ್ದ. ದೇವರ ಬೆಟ್ಟಕ್ಕೆ ಹೋಗುವ ಬಸ್ಸಿನ ಕಂಡಕ್ಟರುಗಳು ಅವನಿಗೆ ಸೀಟು ಹಿಡಿದಿಡುತ್ತಿದ್ದರಂತೆ. ಕಾಮಗೆರೆಗೆ ನಾನು ಇಷ್ಟು ವರ್ಷ ಓಡಾಡಿದ ಬಸ್ಸಿನ ಕಂಡಕ್ಟರಿಗೆ ನನ್ನ ಗುರುತು ಇವತ್ತಿಗೂ ಇಲ್ಲ.

ಅದೂ ಹೋಗಲಿ, ಅವನು ಯಾವುದೋ ಕೆಲಸಕ್ಕೆ ಒಮ್ಮೆ ನಮ್ಮ ಕಚೇರಿಗೆ ಬಂದು ಹೋದ. ಮಾರನೇ ದಿನದಿಂದ ಜವಾನನಿಂದ ಹಿಡಿದು ಎಲ್ಲರಿಗೂ ಅವನದೇ ಮಾತು. ಆ ಜರಿ ಅಂಗಿ ಸಾವುಕಾರರು ನಿಮಗೆ ಏನಾಗಬೇಕು ಎಂದು ಕೇಳುವವರೇ ಎಲ್ಲ. ಅಷ್ಟು ವರ್ಷ ಅಲ್ಲಿ ದುಡಿದು ನನಗೊಂದು ಹೆಸರಿರಲಿಲ್ಲ. ಅವನಿಂದಾಗಿ ಬಂತು, ಜರಿ ಅಂಗಿಯವರ ಷಡ್ಡಕ ಅಂತ.

ಹಿಂದೆ ಊರಿಗೆ ಇಂಥವರು ಒಬ್ಬಿಬ್ಬರು ಇರುತ್ತಿದ್ದರು. ನಾವು ಚಿಕ್ಕವರಿದ್ದಾಗ ಯಳಂದೂರಿನ ನಮ್ಮ ಬೀದಿಯಲ್ಲಿ ಒಬ್ಬರು ಬಿರುಬೇಸಗೆಯಲ್ಲೂ ಉಣ್ಣೆಯ ಮಫ್ಲರು ಸುತ್ತಿಕೊಂಡು ಓಡಾಡುತ್ತಿದ್ದರು. ಇನ್ನೊಬ್ಬ ಮೇಷ್ಟ್ರು ಕಚ್ಚೆಪಂಚೆಯ ಕೆಳಗೆ ಓಟದ ಬೂಟು ಹಾಕುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು, ಅಷ್ಟೇ. ಅವರು ಹಾಗೆ ಎಂದು ಊರು ಒಪ್ಪಿಕೊಂಡಿತ್ತು. ಈಗ ನೋಡಿ, ಹುಡುಗರೆಲ್ಲ ಒಂದೇ ಥರ ಗಡ್ಡ, ಒಂದೇ ಥರ ಕರಿ ಪ್ಯಾಂಟು. ಅರಿಶಿನ ಶಾಸ್ತ್ರವೆಂದರೆ ಮನೆಯವರೆಲ್ಲ ಹಳದಿಯೇ ಉಡಬೇಕು ಅಂತ ವಾಟ್ಸಾಪಿನಲ್ಲಿ ಅಪ್ಪಣೆ ಬರುತ್ತದೆ. ಮದುವೆಯ ಫೋಟೋದಲ್ಲಿ ಯಾರು ಯಾರೆಂದು ಬೆರಳಿಟ್ಟು ಹುಡುಕಬೇಕು. ಇದನ್ನೆಲ್ಲ ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ವಿವರವಾಗಿ ಹೇಳಿದೆ. ನೀವು ಹುಟ್ಟಿದಾಗಿನಿಂದ ಹಾಗೇ ತಾನೇ ಇರೋದು ಎಂದು ಸಾರು ಬಡಿಸಿದಳು.

ಆ ಮಾತು ಒಳಗೆ ಕೂತುಬಿಟ್ಟಿತು. ಅವಳು ಒಮ್ಮೆ, ಒಂದೇ ಒಂದು ಸಲ, ನನ್ನನ್ನು ನೋಡಿ ಹಾಗೆ ನಗಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಹೋದ ದೀಪಾವಳಿಗೆ ಮುಂಚೆ ಕೊಳ್ಳೇಗಾಲಕ್ಕೆ ಹೋದವನು ಒಂದು ರೇಷ್ಮೆ ಅಂಗಡಿಗೆ ನುಗ್ಗಿ ಡ್ಯಾಮೇಜ್ ಸೀರೆ ಇದೆಯೇ ಎಂದು ಕೇಳಿದೆ. ಅಂಗಡಿಯವರು ನನ್ನ ಬೂದಿ ಬಣ್ಣದ ಅಂಗಿ ನೋಡಿ, ಒಳ್ಳೆಯದು ಬೇಡವೇ ಎಂದು ಎರಡು ಸಲ ವಿಚಾರಿಸಿದರು. ರಾಣಿ ಬಣ್ಣದಲ್ಲಿ ಶುರುವಾಗಿ, ಅರ್ಧಕ್ಕೆ ಅದೇಕೋ ಮಾವಿನ ಚಿಗುರಿನ ಬಣ್ಣಕ್ಕೆ ತಿರುಗಿದ ಒಂದು ಸೀರೆ ಸಿಕ್ಕಿತು. ಅಲ್ಲೇ ಒಬ್ಬ ದರ್ಜಿಯ ಹತ್ತಿರ ಅಳತೆ ಕೊಟ್ಟೆ. ಎಡಗಡೆ ರಾಣಿ, ಬಲಗಡೆ ಚಿಗುರು, ಗುಂಡಿಪಟ್ಟಿಯ ಉದ್ದಕ್ಕೂ ಜರಿ. ಹೊಲಿದು ಬಂದದ್ದನ್ನು ಕಚೇರಿಯ ಬೀರುವಿನಲ್ಲಿ ಹಳೇ ಕಡತಗಳ ಹಿಂದೆ ಅಡಗಿಸಿಟ್ಟೆ. ದಿನಕ್ಕೊಮ್ಮೆ ಬೀರು ತೆಗೆದು ನೋಡುತ್ತಿದ್ದೆ. ಚೆನ್ನಾಗಿತ್ತು. ಅವನ ಯಾವ ಅಂಗಿಯೂ ಇದರ ಮುಂದೆ ನಿಲ್ಲುವುದಿಲ್ಲ ಅನ್ನಿಸಿ ಕಚೇರಿಯ ಕೆಲಸವೂ ಹಗುರವಾಗಿ ಕಂಡಿತು.

ಹಬ್ಬದ ದಿನ ಎಲ್ಲರೂ ಕಾಮಗೆರೆಯಲ್ಲಿ ಸೇರಿದ್ದೆವು. ಅವನ ಸ್ನಾನ ಮೊದಲು ಮುಗಿದಿತ್ತು. ನಾನು ಬಚ್ಚಲಿಂದ ಬಂದು, ಎಲ್ಲರ ಚೀಲಗಳನ್ನೂ ಇಟ್ಟಿದ್ದ ಹಿಂದಿನ ಕೋಣೆಯಲ್ಲಿ ಅಂಗಿ ತೊಟ್ಟೆ. ವಿಭೂತಿ ಇಟ್ಟುಕೊಂಡೆ. ನಗಬಾರದು ಎಂದು ಕನ್ನಡಿಯ ಮುಂದೆ ಮುಖ ಬಿಗಿ ಮಾಡಿಕೊಂಡೆ. ಆಮೇಲೆ ಪಡಸಾಲೆಗೆ ಬಂದೆ.

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಅವನ ಸುತ್ತ ನಿಂತಿದ್ದರು. ಅವನು ಮಾವ ಕೊಟ್ಟ ಬಿಳಿ ಬಟ್ಟೆಯಲ್ಲಿ ಸಾದಾ ಅಂಗಿ ಹೊಲಿಸಿ, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ ತೊಟ್ಟು ಕೂತಿದ್ದ, ಥೇಟ್ ನನ್ನ ಹಾಗೆ. ನಮ್ಮತ್ತೆ ಅವನ ಹಣೆ ಮುಟ್ಟಿ ನೋಡಿ ಕೇಳಿದರು.

"ಯಾಕಪ್ಪ, ಮೈಗ್ ಉಸಾರಿಲ್ವಾ?"

ಅವನು ಹಾಗೇನಿಲ್ಲ ಎಂದು ತಲೆಯಾಡಿಸಿದ. ಅವನ ಹೆಂಡತಿ ವಿಷಯ ಹೇಳಿದಳು. ಮಗಳ ಮದುವೆ ಗೊತ್ತಾಗಿತ್ತು. ಯಾರೋ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಇವನ ವಿಡಿಯೋ ತೆಗೆದು, ಅದಕ್ಕೊಂದು ಹಾಡು ಹಚ್ಚಿ ಬಿಟ್ಟಿದ್ದರು. ಅದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಗಂಡಿನ ಮನೆಯನ್ನೂ ಮುಟ್ಟಿತು. ಅವರು ಜಗಳವೇನೂ ಮಾಡಲಿಲ್ಲ. ಮದುವೆಗೆ ಎರಡೂ ಕಡೆಯ ಗಂಡಸರಿಗೆಲ್ಲ ಒಂದೇ ಥರ ಕೆನೆ ಬಣ್ಣದ ಬಟ್ಟೆ ಮಾಡಿಸುತ್ತೇವೆ, ನಿಮ್ಮ ತಂದೆಯವರಿಗೂ ಸ್ವಲ್ಪ ಹೇಳಿ ಎಂದು ಮಗಳಿಗೆ ಅಂದರಂತೆ. ಮಗಳು ಕೋಣೆ ಸೇರಿ ಅತ್ತಳಂತೆ. ಅವತ್ತೇ ಅವನು ಅಂಗಿಗಳನ್ನೆಲ್ಲ ಟ್ರಂಕಿಗೆ ಹಾಕಿದನಂತೆ.

ನಮ್ಮತ್ತೆ ಕಣ್ಣೊರೆಸಿಕೊಂಡರು. ಮಾವ ಕೆಮ್ಮಿದರು. ನನ್ನ ಹೆಂಡತಿಯ ಮುಖ ಬಾಡಿಹೋಗಿತ್ತು. ನಾನು ರಾಣಿ ಬಣ್ಣ, ಚಿಗುರು ಬಣ್ಣದಲ್ಲಿ ದೀಪ ಹಚ್ಚಿದ ಅಂಗಡಿಯ ಹಾಗೆ ನಿಂತಿದ್ದೆ, ಕೇಳುವವರಿಲ್ಲ. ಅವನು ಬಣ್ಣ ತೊಟ್ಟರೆ ಮನೆ ನಗುತ್ತದೆ, ಬಿಳಿ ತೊಟ್ಟರೆ ಅಳುತ್ತದೆ. ನಾನು ಜೀವಮಾನವೆಲ್ಲ ಬೂದಿ ಬಣ್ಣ ತೊಟ್ಟೆ, ಹುಷಾರಿದ್ದೀಯಾ ಎಂದು ಒಬ್ಬರಾದರೂ ಹಣೆ ಮುಟ್ಟಿ ನೋಡಿದರೇ? ಅವನ ಕಷ್ಟಕ್ಕೆ ನನಗೆ ಮರುಕ ಬರಬೇಕಿತ್ತು. ಬಂತು ಕೂಡ, ಸ್ವಲ್ಪ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ಆಗ ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಅವಳ ಮುಖ ಅರಳಿತು. ಇಷ್ಟು ವರ್ಷ ನಾನು ಕಾದಿದ್ದ ಮುಖ ಅದು.

"ಭಾವನ್ ಅಂಗಿ ನೀವ್ಯಾಕ್ರೀ ಆಕಂಡ್ರಿ? ಬುಚ್ಚಿ, ಅವ್ರಿಗ್ ಕೊಡಿ."

ಟ್ರಂಕಿಗೆ ಹಾಕದೆ ಉಳಿಸಿ ತಂದ ಒಂದನ್ನು ನಾನು ಕೋಣೆಯಲ್ಲಿದ್ದ ಅವನ ಚೀಲದಿಂದ ತೆಗೆದು, ಎಲ್ಲರನ್ನೂ ನಗಿಸಲು ತೊಟ್ಟುಕೊಂಡು ಬಂದಿದ್ದೇನೆ ಅಂತ ಅವಳ ಲೆಕ್ಕಾಚಾರ. ಮನೆಯವರದೆಲ್ಲ ಅದೇ. ಅಂಥ ಅಂಗಿ ನನ್ನದಾಗಿರಬಹುದು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಅವನೊಬ್ಬ ಎದ್ದು ಹತ್ತಿರ ಬಂದು, ಭುಜದ ಹೊಲಿಗೆ ಮುಟ್ಟಿ, ಕಾಲರು ನೋಡಿ, ನನ್ನ ಮುಖ ನೋಡಿದ. ಆಮೇಲೆ ಯಾರಿಗೂ ಕೇಳಿಸದ ಹಾಗೆ ಅಂದ.

"ಅಳತೆ ನಿಂದೇ ಕಣ್ಲಾ. ನಿಂದು ಅಂತ ಏಳ್ಬುಡ್ಲಾ?"

ಬೇಡ ಎಂದು ತಲೆಯಾಡಿಸಿದೆ. ಹೇಳಿದರೆ ಹೆಂಡತಿಯ ಮುಖದ ಗೆಲುವು ಹೋಗಿ, ಅಯ್ಯೋ ಪಾಪ ಅನ್ನುವ ನೋಟ ಬರುತ್ತದೆ. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಗುಂಡಿ ಬಿಚ್ಚಿ ಅಂಗಿ ಕೊಟ್ಟೆ.

ಅವನ ಮಗಳು ಹೋಗಿ ಬೀದಿ ಬಾಗಿಲು ಮುಚ್ಚಿ, ಅಗುಳಿ ಹಾಕಿ ಬಂದಳು. ಕಿಟಕಿಯನ್ನೂ ಮುಚ್ಚಿದಳು. ಅವನು ಅಂಗಿ ತೊಟ್ಟ. ಅವನ ದೇಹ ನನ್ನದಕ್ಕಿಂತ ದೊಡ್ಡದು. ತೋಳು ಮೊಣಕೈಯಿಂದ ಸ್ವಲ್ಪ ಕೆಳಗೆ ನಿಂತಿತು, ಹೊಟ್ಟೆಯ ಹತ್ತಿರ ಗುಂಡಿ ಸೇರಲಿಲ್ಲ. ಅದರಲ್ಲೇ ಮುಖ ಬಿಗಿ ಮಾಡಿಕೊಂಡು ಹೋಗಿ ಮಾವನ ಕಾಲಿಗೆ ಬಿದ್ದ. ಬೆನ್ನಿನ ಹೊಲಿಗೆ ಪರ್ರೆಂದಿತು. ಬೇಕೆಂದೇ ಗಿಡ್ಡವಾಗಿ ಹೊಲಿಸಿದ್ದಾನೆ ಅಂದುಕೊಂಡು ಮನೆ ಬಿದ್ದು ಬಿದ್ದು ನಕ್ಕಿತು. ನನ್ನ ಹೆಂಡತಿ ಅದೇ ಹೊಸ್ತಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ನಾನು ಬನಿಯನ್ನಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದೆ.

ಅಂಗಿ ಅವನ ಚೀಲ ಸೇರಿ ಹನೂರಿಗೆ ಹೋಯಿತು. ಸಂಜೆ ನಾವಿಬ್ಬರೂ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಅಲ್ಲಿಂದ ಯಳಂದೂರಿಗೆ ಬೇರೆ ಬಸ್ಸು. ನಾನು ಬೂದಿ ಬಣ್ಣದ ಅಂಗಿಯಲ್ಲಿದ್ದೆ. ಅವಳು ಕಿಟಕಿಯ ಪಕ್ಕ ಕೂತು ನೆನೆನೆನೆದು ನಗುತ್ತಿದ್ದಳು.

"ಈ ಸಲ ಭಾವ ಒಲಿಸಿರಾ ಅಂಗಿ ಎಲ್ಲಾದ್ಕಿಂತ ಚೆಂದಾಗದೆ ಕಣ್ರಿ," ಅಂದಳು.

ಹೂಂ ಅಂದೆ. ಇಷ್ಟು ವರ್ಷ ಅವನ ಅಂಗಿಗಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವತ್ತು ಕೊಳ್ಳೇಗಾಲ ಬರುವವರೆಗೂ ನನ್ನ ಅಂಗಿಯ ಮೇಲೆಯೇ ಪಟ್ಟೆ.